ಎರಡು ತಿಂಗಳು ಊರಲ್ಲಿದ್ದು ಸರ್ಫಿಂಗ್, ಕಯಾಕ್, ಚಾರಣ ಮಾಡಬೇಕಾ? ಗಲ್ಫ್‌ಗೆ ಹೊಸದಾಗಿ ಬಂದವರು ತಿಂಗಳು ಆರಿಸುವ ಬಗ್ಗೆ

ದುಬೈ, ಶಾರ್ಜಾ, ಅಬುಧಾಬಿಗೆ ಹೊಸದಾಗಿ ಬಂದಿರುವ ನಮ್ಮ ಉಡುಪಿ, ಮಂಗಳೂರು ಕಡೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈಗ ಕೆಲವು ಕಂಪನಿಗಳು ರಜೆಯ ಜೊತೆಗೆ ಒಂದಷ್ಟು ವಾರ ಊರಿಂದಲೇ ಕೆಲಸ ಮಾಡಲು ಬಿಡುತ್ತವೆ. ಹಾಗಾಗಿ ಒಂದೂವರೆ, ಎರಡು ತಿಂಗಳು ಊರಲ್ಲೇ ಇದ್ದು, ಬೆಳಿಗ್ಗೆ ಕಡಲು, ಆಮೇಲೆ ಲ್ಯಾಪ್‌ಟಾಪ್, ಶನಿವಾರ ಭಾನುವಾರ ಘಟ್ಟ ಅಂತ ಯೋಚನೆ ಮಾಡುವವರು ಜಾಸ್ತಿಯಾಗಿದ್ದಾರೆ. ತುಂಬಾ ಒಳ್ಳೆಯ ಯೋಚನೆ. ಆದರೆ ತಿಂಗಳು ಸರಿಯಾಗಿ ಆರಿಸದಿದ್ದರೆ ಅಷ್ಟೂ ದಿನ ಮನೆಯ ಚಾವಡಿಯಲ್ಲಿ ಕೂತು ಮಳೆ ನೋಡಬೇಕಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಆಟಕ್ಕಾಗಿ ಹೋಗುವುದಾದರೆ ಜುಲೈ, ಆಗಸ್ಟ್ ಬೇಡ.

ಇಲ್ಲಿ ಶಾಲೆಗಳಿಗೆ ಆಗ ರಜೆ, ಹೊರಗೆ ಕಾಲಿಡಲಾಗದ ಸೆಕೆ, ಎಲ್ಲರೂ ಊರಿಗೆ ಹೊರಡುತ್ತಾರೆ, ನಾವೂ ಹೊರಡೋಣ ಅನ್ನಿಸುವುದು ಸಹಜ. ಊರಲ್ಲಿ ಆಗ ಆಟಿ ತಿಂಗಳು, ಅಂದರೆ ಜೋರು ಮಳೆಯ ಕಾಲ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತೆಯೇ ಇಲ್ಲ. ಮಲ್ಪೆ ಬೀಚ್‌ಗೆ ಉದ್ದಕ್ಕೂ ಬಲೆ ಕಟ್ಟಿ, ಕೆಂಪು ಬಾವುಟ ನೆಡುತ್ತಾರೆ. ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಇರುವುದಿಲ್ಲ. ನನಗೆ ಈಜು ಬರುತ್ತದೆ, ದುಬೈಯ ಜುಮೇರಾ ಬೀಚ್‌ನಲ್ಲಿ ದಿನಾ ಈಜುತ್ತೇನೆ ಅನ್ನುವವರು ದಯವಿಟ್ಟು ಕೇಳಿ: ಗಲ್ಫ್‌ನ ನೀರಿನಲ್ಲಿ ಈಜಿದ ಧೈರ್ಯವನ್ನು ಮಳೆಗಾಲದ ಅರಬ್ಬೀ ಕಡಲಿಗೆ ತರಬೇಡಿ. ಆ ಸೆಳೆತವೇ ಬೇರೆ. ಪ್ರತಿ ವರ್ಷ ನಮ್ಮ ತೀರದಲ್ಲಿ ಜೀವ ಹೋಗುತ್ತದೆ, ಹೋದವರಲ್ಲಿ ಈಜು ಬಲ್ಲವರೂ ಇರುತ್ತಾರೆ.

ಇನ್ನು ವಿಮಾನದ ಟಿಕೆಟ್. ಅದೇ ಸೀಟಿಗೆ ಜುಲೈಯಲ್ಲಿ ಕೊಡುವ ದುಡ್ಡು ನೋಡಿದರೆ ಬೇಜಾರಾಗುತ್ತದೆ. ಅಷ್ಟು ಕೊಟ್ಟರೂ ಬಜ್ಪೆಯಲ್ಲಿ, ಅಂದರೆ ಮಂಗಳೂರು ವಿಮಾನ ನಿಲ್ದಾಣದಲ್ಲಿ, ಮಳೆ, ಮೋಡದಿಂದ ರನ್‌ವೇ ಕಾಣದೆ ವಿಮಾನ ಕಣ್ಣೂರಿಗೋ ಕೊಚ್ಚಿಗೋ ಬೆಂಗಳೂರಿಗೋ ತಿರುಗುವುದುಂಟು.

ಶಾಲೆಗೆ ಹೋಗುವ ಮಕ್ಕಳಿದ್ದು ಬೇರೆ ದಾರಿ ಇಲ್ಲದವರು ಹೋಗಲೇಬೇಕಾಗುತ್ತದೆ, ಗೊತ್ತು. ಅಂಥವರಿಗೆ ಹೆಬ್ರಿ ಕಡೆ ಸೀತಾ ನದಿಯಲ್ಲಿ ರಾಫ್ಟಿಂಗ್ ಇದೆ, ಅದು ನಡೆಯುವುದೇ ಮಳೆಗಾಲದಲ್ಲಿ, ಹೊಳೆಯಲ್ಲಿ ನೀರು ಸಾಕಷ್ಟು ಇದ್ದಾಗ. ಲೈಫ್ ಜಾಕೆಟ್, ಹೆಲ್ಮೆಟ್ ಸರಿಯಾಗಿ ಕೊಡುವವರ ಜೊತೆ ಮಾತ್ರ ಹೋಗಿ.

ನನ್ನ ಮಾತು ಕೇಳುವುದಾದರೆ ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮೊದಲ ವಾರದವರೆಗಿನ ಅವಧಿ ಹಿಡಿಯಿರಿ. ಎಷ್ಟೋ ವರ್ಷದಿಂದ ನಾನು ಹೋಗುವುದು ಆಗಲೇ. ಕಾರಣ ಎರಡೂ ಕಡೆ ಇದೆ. ಯುಎಇಯಲ್ಲಿ ಹೊರಗಿನ ಕೆಲಸಕ್ಕೆ ಮಧ್ಯಾಹ್ನದ ವಿರಾಮದ ನಿಯಮ ಸೆಪ್ಟೆಂಬರ್ 15ಕ್ಕೆ ಮುಗಿಯುತ್ತದೆ, ಸೆಕೆ ಮಾತ್ರ ಮುಗಿಯುವುದಿಲ್ಲ, ಅಕ್ಟೋಬರ್‌ನಲ್ಲೂ ಹಗಲಲ್ಲಿ ಓಡುವುದು, ಸೈಕಲ್ ತುಳಿಯುವುದು ಕಷ್ಟ. ಅಂದರೆ ಆಗ ಇಲ್ಲಿಂದ ಹೊರಟರೆ ಇಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಊರಲ್ಲಿ ಆಡಿ ನವೆಂಬರ್‌ನಲ್ಲಿ ವಾಪಸ್ ಬಂದರೆ ಇಲ್ಲಿಯ ಒಳ್ಳೆಯ ಕಾಲ ಆಗಷ್ಟೇ ಶುರುವಾಗಿರುತ್ತದೆ. ಹತ್ತಾ ಅನ್ನುವ ಊರಿನ ಕಯಾಕ್ ಮತ್ತು ಸೈಕಲ್ ದಾರಿ, ಜೆಬೆಲ್ ಜೈಸ್ ಬೆಟ್ಟ, ಹಜರ್ ಬೆಟ್ಟಸಾಲಿನ ವಾದಿಗಳು (ಕಣಿವೆಗಳು), ಎಲ್ಲಕ್ಕೂ ಮಾರ್ಚ್‌ವರೆಗೆ ಸಮಯ ಸಿಗುತ್ತದೆ. ಒಂದೇ ವರ್ಷದಲ್ಲಿ ಎರಡು ಒಳ್ಳೆಯ ಕಾಲ ಸಿಕ್ಕಿದಂತಾಯಿತು, ಅಲ್ವಾ?

ಊರಿನ ಕಡೆಯ ಕಾರಣ ಇನ್ನೂ ದೊಡ್ಡದು. ಮಳೆ ಇಳಿಮುಖವಾಗಿರುತ್ತದೆ, ಹೊಳೆಗಳು ತುಂಬಿರುತ್ತವೆ, ಗುಡ್ಡ ಪೂರ್ತಿ ಹಸಿರು, ಕಡಲು ಮೆಲ್ಲಗೆ ಶಾಂತವಾಗುತ್ತಾ ಬರುತ್ತದೆ, ಆದರೂ ಅಲೆ ಇರುತ್ತದೆ. ಸರ್ಫಿಂಗ್ ಕಲಿಯುವವರಿಗೆ ಬೇಕಾಗಿರುವುದು ಇಂಥ ಕಡಲೇ. ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್ ದೇಶದಲ್ಲೇ ಸರ್ಫಿಂಗ್ ಶುರುಮಾಡಿದ ಮೊದಲಿಗರಲ್ಲಿ ಒಂದು. ಸಸಿಹಿತ್ಲು, ಪಣಂಬೂರು, ತಣ್ಣೀರುಬಾವಿ ಕಡೆಯೂ ಸರ್ಫಿಂಗ್ ನಡೆಯುತ್ತದೆ. ಮೊದಲ ಕೆಲವು ದಿನ ದಡದ ಹತ್ತಿರದ ಬಿಳಿ ನೊರೆಯಲ್ಲೇ ಬೋರ್ಡ್ ಮೇಲೆ ನಿಲ್ಲುವುದು ಕಲಿಸುತ್ತಾರೆ. ಒಂದು ವಾರಕ್ಕೆ ಬಂದವರು ಅಲ್ಲಿಗೇ ವಾಪಸ್ ಹೋಗುತ್ತಾರೆ. ನಿಮಗೆ ಎರಡು ತಿಂಗಳು ಇದ್ದರೆ ಹಸಿರು ಅಲೆ, ಅಂದರೆ ಇನ್ನೂ ಒಡೆಯದ ಅಲೆ, ಹಿಡಿಯುವವರೆಗೂ ಹೋಗಬಹುದು. ತಾತ್ಕಾಲಿಕವಾಗಿ ಊರಲ್ಲಿ ನೆಲೆಸುವುದರ ನಿಜವಾದ ಲಾಭ ನನ್ನ ಲೆಕ್ಕದಲ್ಲಿ ಇದೇ.

ಸಮಯದ ವ್ಯತ್ಯಾಸವೂ ನಮ್ಮ ಪರವಾಗಿದೆ. ಇಲ್ಲಿ ಒಂಬತ್ತು ಗಂಟೆ ಅಂದರೆ ಊರಲ್ಲಿ ಹತ್ತೂವರೆ. ಬೆಳಕು ಹರಿದ ಕೂಡಲೇ ಕಡಲಿಗೆ ಇಳಿದು, ಎಂಟೂವರೆಗೆ ಮೇಲೆ ಬಂದು, ಸ್ನಾನ ಮಾಡಿ, ನೀರುದೋಸೆ ತಿಂದು ಕೂತರೂ ಕೆಲಸಕ್ಕೆ ತಡವಾಗುವುದಿಲ್ಲ. ಸಂಜೆ ಮಾತ್ರ ಏಳೂವರೆಗೆ ಬಿಡುಗಡೆ, ಆಗ ಕತ್ತಲೆ. ಹಾಗಾಗಿ ಆಟವೆಲ್ಲ ಬೆಳಿಗ್ಗೆಯೇ ಅಂತ ಮನಸ್ಸು ಮಾಡಿಕೊಳ್ಳಿ.

ಕಯಾಕ್‌ಗೆ ಮೂಲ್ಕಿಯ ಶಾಂಭವಿ ನದಿ, ಸಾಲಿಗ್ರಾಮದ ಹತ್ತಿರ ಸೀತಾ ನದಿಯ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಎರಡೂ ಚೆಂದ. ಕೋಡಿಬೆಂಗ್ರೆಯಲ್ಲಿ ಸೀತಾ, ಸುವರ್ಣಾ ಎರಡೂ ಕಡಲು ಸೇರುತ್ತವೆ, ನೋಡಲು ಅಷ್ಟು ಸುಂದರವಾದ ಜಾಗ ಕಡಿಮೆ. ಆದರೆ ಅಳಿವೆಯ ಹತ್ತಿರ ಕಯಾಕ್ ಒಯ್ಯಬೇಡಿ. ಇಳಿತದ ಹೊತ್ತಿಗೆ ಹೊಳೆಯ ನೀರು ಪೂರಾ ಕಡಲಿನತ್ತ ಎಳೆಯುತ್ತದೆ, ಮಳೆ ಮುಗಿದ ಹೊಸತರಲ್ಲಿ ಆ ಸೆಳೆತ ಇನ್ನೂ ಜೋರು. ಉಬ್ಬರ ಇಳಿತದ ಹೊತ್ತನ್ನು ಅಲ್ಲಿಯ ಮೀನುಗಾರರ ಹತ್ತಿರ ಕೇಳಿ, ಅವರು ಬೇಡ ಅಂದರೆ ಆ ದಿನ ಬೇಡ.

ಘಟ್ಟಕ್ಕೂ ಇದೇ ಕಾಲ. ಕುದುರೆಮುಖ 1,892 ಮೀಟರ್, ಕೊಡಚಾದ್ರಿ 1,343 ಮೀಟರ್. ಅಕ್ಟೋಬರ್‌ನಲ್ಲಿ ಹುಲ್ಲುಗಾವಲು ಹಸಿರಾಗಿಯೇ ಇರುತ್ತದೆ, ದೂರದವರೆಗೂ ಕಾಣುತ್ತದೆ, ಇಂಬಳದ ಕಾಟವೂ ತಗ್ಗುತ್ತಾ ಬರುತ್ತದೆ. ಕುದುರೆಮುಖಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ದಸರಾ ರಜೆಯ ಶನಿವಾರ ಭಾನುವಾರಗಳು ಬೇಗ ತುಂಬಿಬಿಡುತ್ತವೆ. ಆಗುವುದಾದರೆ ವಾರದ ಮಧ್ಯೆ ಒಂದು ದಿನ ರಜೆ ಹಾಕಿ ಹೋಗಿ.

ಈ ಕಾಲಕ್ಕಿರುವ ಒಂದೇ ಒಂದು ದೊಡ್ಡ ತೊಂದರೆ ಸಿಡಿಲು. ಅಕ್ಟೋಬರ್‌ನಲ್ಲಿ ಬೆಳಿಗ್ಗೆಯೆಲ್ಲ ಬಿಸಿಲು ಇದ್ದು, ಮಧ್ಯಾಹ್ನ ಮೂರರ ನಂತರ ಘಟ್ಟದ ಕಡೆಯಿಂದ ಮೋಡ ಕಟ್ಟಿ ಗುಡುಗು ಶುರುವಾಗುತ್ತದೆ. ಬೆಟ್ಟದ ತುದಿಯಲ್ಲಿ, ಬಯಲಿನಲ್ಲಿ, ನೀರಿನ ಮಧ್ಯೆ ಆ ಹೊತ್ತಿಗೆ ಇರಲೇಬಾರದು. ಒಂದು ಗುಡುಗು ಕೇಳಿದರೂ ಸಾಕು, ನೀರಿನಿಂದ ಮೇಲೆ ಬನ್ನಿ. ಫೋಟೋ ಆಮೇಲೆ ತೆಗೆಯಬಹುದು.

ಡಿಸೆಂಬರ್‌ನಿಂದ ಫೆಬ್ರವರಿ ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಹವೆ ಚೆನ್ನಾಗಿರುತ್ತದೆ, ಕಡಲು ಕೆರೆಯ ಹಾಗೆ ಇರುತ್ತದೆ. ದ್ವೀಪಕ್ಕೆ ಹೋಗಲು, ಪ್ಯಾಡಲ್ ಬೋರ್ಡ್‌ಗೆ, ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡಲು ಒಳ್ಳೆಯದು. ಬೆಳಿಗ್ಗೆ ಮಲ್ಪೆಯ ಪಡುಕೆರೆಯಿಂದ ಮಟ್ಟುವಿನವರೆಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ನೋಡಿಕೊಂಡು ಸೈಕಲ್ ತುಳಿಯಬಹುದು (ಹೆದ್ದಾರಿ 66ರಲ್ಲಿ ಮಾತ್ರ ಸೈಕಲ್ ಬೇಡ). ರಾತ್ರಿ ಕಂಬಳ, ಯಕ್ಷಗಾನ ಎರಡೂ ಇವೆ. ಆದರೆ ಸರ್ಫಿಂಗ್‌ಗೆ ಅಲೆ ಸಣ್ಣದು, ಟಿಕೆಟ್ ದುಬಾರಿ, ಗಲ್ಫ್‌ನ ಒಳ್ಳೆಯ ಕಾಲವೂ ಕೈತಪ್ಪುತ್ತದೆ. ಕ್ರಿಸ್‌ಮಸ್‌ಗೆ, ಮದುವೆಗೆ ಹೋಗುವವರು ಹೋಗಿ. ಆಟಕ್ಕಾಗಿಯೇ ಆದರೆ ಇದು ನನ್ನ ಎರಡನೆಯ ಆಯ್ಕೆ.

ಮಾರ್ಚ್‌ನಿಂದ ಮೇ ಹೊಸಬರಿಗೆ ಬೇಡ. ಬೆವರು ಆರುವುದೇ ಇಲ್ಲ, ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು. ಸರ್ಫಿಂಗ್ ಚೆನ್ನಾಗಿ ಬಲ್ಲವರಿಗೆ ಮಾತ್ರ ಮೇ ಕೊನೆಯ ಅಲೆ ಬೇಕು. ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಮ್ಮ ಮಂಗಳೂರಿನ ತೀರದಲ್ಲಿ ಮೇ ಕೊನೆ, ಜೂನ್ ಮೊದಲ ದಿನಗಳಲ್ಲಿ ನಡೆಯುವುದೂ ಇದಕ್ಕೇ.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಯುಎಇ ಕಾನೂನಿನಂತೆ ಒಂದು ವರ್ಷ ತುಂಬಿದ ಮೇಲೆ ವರ್ಷಕ್ಕೆ 30 ದಿನ ರಜೆ. ಆರು ತಿಂಗಳು ದಾಟಿ ವರ್ಷ ತುಂಬದವರಿಗೆ ತಿಂಗಳಿಗೆ 2 ದಿನದ ಲೆಕ್ಕ. ಊರಿಂದ ಕೆಲಸ ಮಾಡುತ್ತೇನೆ ಅನ್ನುವುದಕ್ಕೆ ಮ್ಯಾನೇಜರ್ ಬಾಯಿಮಾತು ಸಾಲದು, ಇಮೇಲ್ ಇರಲಿ. ಭಾರತದಲ್ಲಿ ಇರುವ ದಿನಗಳನ್ನು ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಎಣಿಸುತ್ತಾ ಬನ್ನಿ, 182 ದಿನ ಮುಟ್ಟಿದರೆ ತೆರಿಗೆಯಲ್ಲಿ ಎನ್‌ಆರ್‌ಐ ಲೆಕ್ಕ ಬದಲಾಗುತ್ತದೆ. ಊರಲ್ಲಿ 15 ಲಕ್ಷಕ್ಕಿಂತ ಹೆಚ್ಚು ಆದಾಯ ಇರುವವರಿಗೆ ಆ ಮಿತಿ 120 ದಿನಕ್ಕೇ ಬರಬಹುದು, ಒಬ್ಬ ಸಿಎ ಹತ್ತಿರ ಕೇಳಿ. ಇಲ್ಲಿಯ ಆರೋಗ್ಯ ವಿಮೆ ಊರಲ್ಲಿ ಆಟ ಆಡುವಾಗ ಆದ ಗಾಯಕ್ಕೆ ನಡೆಯುತ್ತದಾ ಅಂತಲೂ ಹೊರಡುವ ಮೊದಲೇ ವಿಚಾರಿಸಿ.

ಉಳಿಯಲು ಮೂಲ್ಕಿ, ಪಡುಬಿದ್ರಿ, ಕಾಪು ನಡುವೆ ಎಲ್ಲಾದರೂ ಮನೆ ನೋಡಿ. ಮಂಗಳೂರು, ಉಡುಪಿ ಎರಡೂ ಹತ್ತಿರ, ಕಾರ್ಕಳದ ಮೇಲೆ ಘಟ್ಟಕ್ಕೆ ದಾರಿ ಸುಲಭ. ಗುಡುಗು ಮಳೆಗೆ ಕರೆಂಟ್ ಹೋಗುತ್ತದೆ, ಇನ್ವರ್ಟರ್ ಇದೆಯಾ, ಫೈಬರ್ ಲೈನ್ ಇದೆಯಾ ಅಂತ ಮೊದಲು ಕೇಳಿ, ಬಾಡಿಗೆ ಆಮೇಲೆ. ಸ್ವಂತ ಮನೆ ಇದ್ದವರು ಅಮ್ಮನಿಗೆ ಒಂದು ಮಾತು ಮೊದಲೇ ಹೇಳಿಡಿ, ವಾರದ ದಿನ ಹತ್ತೂವರೆಯ ಮೇಲೆ ನೆಂಟರ ಮನೆಗೆ ಕರೆಯಬೇಡಿ ಅಂತ.

ಕೊನೆಗೆ ಟಿಕೆಟ್. ಮಳೆ ಒಂದೊಂದು ವರ್ಷ ಸೆಪ್ಟೆಂಬರ್ ಪೂರ್ತಿ ಬಿಡುವುದಿಲ್ಲ. ಸರ್ಫಿಂಗ್ ಕಲಿಸುವವರಿಗೆ ಆಗಸ್ಟ್ ಕೊನೆಯಲ್ಲೇ ಫೋನ್ ಮಾಡಿ, ಈ ಸಲ ಯಾವಾಗ ನೀರಿಗೆ ಇಳಿಸುತ್ತೀರಿ ಅಂತ ಕೇಳಿ. ದಿನಾಂಕ ಬದಲಾಯಿಸಲು ಬರುವ ಟಿಕೆಟ್ ಸ್ವಲ್ಪ ದುಬಾರಿಯಾದರೂ ಅದನ್ನೇ ತೆಗೆದುಕೊಳ್ಳಿ.