ನಮ್ಮ ಮುಧೋಳ ನಾಯಿಗೆ ಡಾಕ್ಟರ್ ಹುಡುಕಿದ್ದು ಹೀಗೆ

ನಾಯಿಗೆ ಹುಷಾರು ತಪ್ಪಿದ ಮೇಲೆ ಡಾಕ್ಟರ್ ಹುಡುಕೋಕೆ ಹೊರಟ್ರೆ ಹತ್ರದಲ್ಲಿ ಯಾರು ಸಿಕ್ತಾರೋ ಅವರ ಹತ್ರಾನೇ ಹೋಗ್ಬೇಕಾಗುತ್ತೆ, ಆಗ ಆರಿಸೋಕೆ ಟೈಮೂ ಇರಲ್ಲ, ತಲೆನೂ ಓಡಲ್ಲ. ಅದಕ್ಕೇ ನಮ್ಮ ಚುಕ್ಕಿ ಚೆನ್ನಾಗಿ ಓಡಾಡ್ಕೊಂಡು ಇದ್ದಾಗಲೇ ನಾನು ಹುಡುಕೋಕೆ ಶುರು ಮಾಡಿದ್ದು. ಚುಕ್ಕಿ ಮುಧೋಳ ತಳಿ, ಹೆಣ್ಣು. ನಾವಿರೋದು ಬೆಂಗಳೂರಲ್ಲಿ, ಯಲಹಂಕ ಕಡೆ. ಇಲ್ಲಿ ಕ್ಲಿನಿಕ್‌ಗಳಿಗೇನೂ ಕಮ್ಮಿ ಇಲ್ಲ, ಆದ್ರೆ ಎಲ್ಲಿ ನೋಡಿದ್ರೂ ಲ್ಯಾಬ್ರಡಾರ್, ಪಗ್, ಶಿಟ್ಸುಗಳೇ ಜಾಸ್ತಿ. ಮುಧೋಳದ ಮೈಕಟ್ಟೇ ಬೇರೆ, ಅದನ್ನ ತಿಳ್ಕೊಂಡಿರೋರು ಬೇಕಿತ್ತು.

ಮೊದ್ಲು ಕೇಳಿದ್ದು ನಮ್ಮ ರಸ್ತೆಯಲ್ಲಿ ಬೀದಿ ನಾಯಿಗಳಿಗೆ ದಿನಾ ಊಟ ಹಾಕೋ ಆಂಟಿನ. ಗೂಗಲ್ ರೇಟಿಂಗ್ ನೋಡೋದಕ್ಕಿಂತ ಇದು ಎಷ್ಟೋ ವಾಸಿ ಅಂತ ಈಗ್ಲೂ ಹೇಳ್ತೀನಿ. ಕಾಲು ಮುರಿದಿದ್ದು, ಪಾರ್ವೋ ವೈರಸ್ ಕಾಯಿಲೆ ಬಂದ ಮರಿ, ಗಾಯಕ್ಕೆ ಹುಳ ಬಿದ್ದಿದ್ದು ಎಲ್ಲಾನೂ ಆಟೋಗೆ ಹಾಕ್ಕೊಂಡು ಹೋಗಿರೋರು ಅವ್ರು, ಯಾವ ಡಾಕ್ಟರ್ ಬೀದಿ ನಾಯಿನೂ ಕೈಯಲ್ಲಿ ಮುಟ್ಟಿ ನೋಡ್ತಾರೆ, ಯಾರು ಟೇಬಲ್ ಆಚೆ ಕೂತ್ಕೊಂಡೇ ಬರೆದುಕೊಟ್ಟು ಕಳಿಸ್ತಾರೆ ಅಂತ ಅವ್ರಿಗೆ ಗೊತ್ತು. "ನಾಯಿನ ನೋಡೋಕೆ ಮುಂಚೆ ಬಿಲ್ ಯಾರು ಕಟ್ತೀರಾ ಅಂತ ಕೇಳೋರ ಹತ್ರ ಹೋಗ್ಬೇಡಮ್ಮ" ಅಂದ್ರು. ಕೆಲವು ಹೆಸರು ಕೊಟ್ರು. ಅವ್ರೆಲ್ಲಾ ಬಿ.ವಿ.ಎಸ್ಸಿ. (ಪಶುವೈದ್ಯ ಪದವಿ) ಮಾಡಿದಾರಾ, ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿನ ರಿಜಿಸ್ಟ್ರೇಷನ್ ನಂಬರ್ ಇದ್ಯಾ ಅಂತ ಬೋರ್ಡಲ್ಲೋ ಚೀಟಿಯಲ್ಲೋ ನೋಡ್ಕೊಂಡೆ. ಪೆಟ್ ಶಾಪ್ ಹಿಂದಿನ ರೂಮಲ್ಲಿ ಇಂಜೆಕ್ಷನ್ ಹಾಕೋರೆಲ್ಲಾ ಡಾಕ್ಟರ್ ಅಲ್ಲ, ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಲಸಿಕೆ ಹಾಕಿಸೋ ನೆಪದಲ್ಲಿ ಒಬ್ಬೊಬ್ಬರನ್ನೂ ನೋಡ್ದೆ. ಮರಿಗಳಿಗೆ ಆರೆಂಟು ವಾರದಿಂದ ಶುರುವಾಗಿ 16 ವಾರ ತುಂಬೋವರೆಗೂ ಮೂರ್ನಾಲ್ಕು ವಾರಕ್ಕೊಂದು ಸಲ ಹೋಗ್ತಾನೇ ಇರ್ಬೇಕು, ಡಾಕ್ಟರ್‌ನ ಅಳೆಯೋಕೆ ಅದಕ್ಕಿಂತ ಒಳ್ಳೆ ಟೈಮ್ ಇಲ್ಲ. ಒಂದು ಕಡೆ ಚುಕ್ಕಿ ಟೇಬಲ್ ಹತ್ತೋಕೂ ಮುಂಚೆ ಸಿರಿಂಜ್ ರೆಡಿ, ಒಂದು ನಿಮಿಷದಲ್ಲಿ ಮುಗೀತು, ಏನು ಹಾಕಿದ್ರಿ ಅಂದ್ರೆ "ಎಲ್ಲಾ ಸೇರಿರೋದು" ಅಂದ್ರು. ಆ ಕ್ಲಿನಿಕ್‌ಗೆ ಮತ್ತೆ ಹೋಗ್ಲಿಲ್ಲ. ಈಗ ನಾವು ತೋರಿಸೋ ಮೇಡಂ ಮೊದಲ ದಿನ ನೆಲದ ಮೇಲೇ ಕೂತ್ರು, ಚುಕ್ಕಿ ತಾನಾಗೇ ಬಂದು ಮೂಸೋವರೆಗೂ ಸುಮ್ನೆ ನನ್ನ ಹತ್ರ ಮಾತಾಡ್ತಿದ್ರು, ಏನು ತಿನ್ನುತ್ತೆ, ಎಲ್ಲಿ ಮಲಗುತ್ತೆ, ಮೋಷನ್ ಹೇಗಿದೆ ಅಂತ. ಆಮೇಲೆ ಟೆಂಪರೇಚರ್ ನೋಡಿ, ವಸಡು ನೋಡಿ, ಹೊಟ್ಟೆ ಒತ್ತಿ, ಕಿವಿ ಮಡಚಿ, ಕಾಲ್ಬೆರಳ ಸಂದಿಯಲ್ಲಿ ಉಣ್ಣಿ ಇದ್ಯಾ ಅಂತ ಹುಡುಕಿದ್ರು. ಫ್ರಿಜ್‌ನಿಂದ ಲಸಿಕೆ ಬಾಟ್ಲಿ ತೆಗೆದು ಡೇಟ್ ನಂಗೇ ತೋರಿಸಿ, ಅದರ ಲೇಬಲ್ ಕಿತ್ತು ಕಾರ್ಡಿಗೆ ಅಂಟಿಸಿ ಸಹಿ ಹಾಕಿದ್ರು. ಎಷ್ಟು ಸಣ್ಣ ವಿಷಯ ನೋಡಿ, ಆದ್ರೆ ನಂಗೆ ನಂಬಿಕೆ ಬಂದಿದ್ದು ಅಲ್ಲೇ.

ಪೂರ್ತಿ ಖಾತ್ರಿ ಆಗಿದ್ದು ಮಾತ್ರ ಸಂತಾನಹರಣ ಆಪರೇಷನ್ ಮಾತು ಬಂದಾಗ. ಮಾಡಿಸ್ದೇ ಬಿಟ್ರೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬೋ ಪಯೋಮೆಟ್ರಾ ಬರಬಹುದು, ಅದು ಪ್ರಾಣಕ್ಕೇ ಕುತ್ತು, ಹಾಗಾಗಿ ಮಾಡಿಸೋದು ಅಂತ ತೀರ್ಮಾನ ಆಗಿತ್ತು. ಮುಧೋಳ, ಗ್ರೇಹೌಂಡ್ ಥರದ ಬೇಟೆ ನಾಯಿಗಳಿಗೆ ಮೈಯಲ್ಲಿ ಕೊಬ್ಬೇ ಇರಲ್ಲ, ಅನಸ್ತೇಶಿಯಾ ಕೊಡೋವಾಗ ಹುಷಾರಾಗಿರ್ಬೇಕು ಅಂತ ಓದಿದ್ದೆ, ಅದನ್ನೇ ನೋಡಿದ ಎಲ್ಲಾ ಡಾಕ್ಟರ್‌ಗೂ ಕೇಳ್ದೆ. ಒಬ್ಬರು "ಎಲ್ಲಾ ನಾಯಿನೂ ಒಂದೇ, ಇಂಟರ್‌ನೆಟ್ ಓದ್ಬೇಡಿ" ಅಂದ್ರು. ಮೇಡಂ ಮಾತ್ರ ಕಾಗದ ತಗೊಂಡು ವಿವರಿಸಿದ್ರು: ಥಯೋಪೆಂಟೋನ್ ಥರದ ಹಳೇ ಔಷಧಿ ಕೊಟ್ರೆ ಈ ಜಾತಿ ನಾಯಿಗಳಿಗೆ ಎಚ್ಚರ ಆಗೋದು ತುಂಬಾ ತಡ, ಅದನ್ನ ನಾನು ಬಳಸಲ್ಲ, ಐಸೋಫ್ಲೂರೇನ್ ಗ್ಯಾಸ್‌ನಲ್ಲಿ ಮಾಡ್ತೀನಿ, ಕೊಬ್ಬು ಇಲ್ದೇ ಇರೋದ್ರಿಂದ ಮೈ ಬೇಗ ತಣ್ಣಗಾಗುತ್ತೆ, ಟೇಬಲ್ ಮೇಲೆ ಬೆಚ್ಚಗಿಡ್ಬೇಕು, ಎದ್ದು ನಿಲ್ಲೋವರೆಗೂ ಮನೆಗೆ ಕಳಿಸಲ್ಲ. ಮುಂಚೆ ರಕ್ತ ಪರೀಕ್ಷೆ ಮಾಡಿಸಿ, ಆ ರಿಪೋರ್ಟ್ ಬಿಸಾಡ್ಬೇಡಿ, ಅವಳು ಆರೋಗ್ಯವಾಗಿದ್ದಾಗಿನ ಲೆಕ್ಕ ಅದು, ಮುಂದೆ ಬೇಕಾಗುತ್ತೆ ಅಂದ್ರು.

ಬೇಕಾಗೇ ಆಯ್ತು. ಒಂದು ಬೇಸಿಗೆಯಲ್ಲಿ ಚುಕ್ಕಿ ಊಟ ಬಿಟ್ಲು, ಜ್ವರ 104. (ನಾಯಿಗೆ 101ರಿಂದ 102.5 ನಾರ್ಮಲ್, ಮನೇಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಕೊಳ್ಳಿ.) ಟಿಕ್ ಫೀವರ್ (ಉಣ್ಣಿ ಕಚ್ಚಿ ಬರೋ ಜ್ವರ) ಅಂತ ಎಲ್ಲರಿಗೂ ಅನುಮಾನ ಬರೋದೇ, ಆದ್ರೆ ಮೇಡಂ ತಕ್ಷಣ ಮಾತ್ರೆ ಬರೀಲಿಲ್ಲ, ರಕ್ತ ತೆಗೆದು ಸ್ಮಿಯರ್‌ಗೂ (ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪ್‌ನಲ್ಲಿ ನೋಡೋದು) ಕಳಿಸಿದ್ರು, ಯಾಕಂದ್ರೆ ಎರ್ಲಿಕಿಯಾ ಅನ್ನೋ ರೋಗಾಣುಗೆ ಕೊಡೋ ಡಾಕ್ಸಿಸೈಕ್ಲಿನ್‌ನಿಂದ ಬಬೀಸಿಯಾ ಅನ್ನೋ ಇನ್ನೊಂದು ರೋಗಾಣು ಹೋಗಲ್ಲ, ಎರಡೂ ಹರಡೋದು ಉಣ್ಣಿಯಿಂದಲೇ ಆದ್ರೂ ಔಷಧಿ ಬೇರೆ ಬೇರೆ. ಗ್ರೇಹೌಂಡ್‌ಗಳಲ್ಲಿ ಆರೋಗ್ಯ ಚೆನ್ನಾಗಿದ್ದಾಗಲೂ ಪ್ಲೇಟ್‌ಲೆಟ್ (ಈ ಜ್ವರದಲ್ಲಿ ಇಳಿಯೋ ರಕ್ತಕಣ) ಬೇರೆ ನಾಯಿಗಳಿಗಿಂತ ಸ್ವಲ್ಪ ಕಮ್ಮಿ ಇರುತ್ತಂತೆ, ಅದೇ ಥರ ಇವಳದ್ದೂ ಇದ್ರೆ ಬರೀ ಲ್ಯಾಬ್ ಶೀಟ್ ನೋಡಿ ಹೇಳೋಕಾಗಲ್ಲ ಅಂತ ಹಳೇ ರಿಪೋರ್ಟ್ ಪಕ್ಕಕ್ಕಿಟ್ಟು ನೋಡಿದ್ರು, ನಿಜವಾಗ್ಲೂ ತುಂಬಾ ಇಳಿದಿತ್ತು. ಎರ್ಲಿಕಿಯಾ. 28 ದಿನ ಡಾಕ್ಸಿ, ಊಟ ಆದ್ಮೇಲೇ ಕೊಡ್ಬೇಕು, ನಾಲ್ಕೇ ದಿನಕ್ಕೆ ಬಾಲ ಅಲ್ಲಾಡಿಸಿದ್ಲು ಅಂತ ನಿಲ್ಲಿಸ್ಬೇಡಿ ಅಂತ ನಮ್ಮ ಯಜಮಾನರಿಗೂ ಫೋನ್ ಮಾಡಿ ಹೇಳಿದ್ರು! ಮಧ್ಯೆ ಒಂದ್ಸಲ ರಕ್ತ ಮತ್ತೆ ನೋಡಿದ್ರು.

ಇನ್ನೊಂದು ಗುಣ ನಾನು ನೋಡಿದ್ದು, ತಮ್ಮ ಕೈಲಿ ಆಗಲ್ಲ ಅಂತ ಹೇಳೋ ಧೈರ್ಯ. ಆಮೇಲೊಂದು ಸಲ ಚುಕ್ಕಿ ಹಿಂಗಾಲು ಎತ್ತಿ ನಡೆಯೋಕೆ ಶುರು ಮಾಡಿದಾಗ "ಇದು ನನ್ನ ಫೀಲ್ಡ್ ಅಲ್ಲ, ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಹೋಗಿ, ಸರ್ಜರಿ ವಿಭಾಗದಲ್ಲಿ ತೋರಿಸಿ" ಅಂತ ಚೀಟಿ ಬರೆದುಕೊಟ್ರು. ಕಾಲೇಜಲ್ಲಿ ಕಾಯ್ಬೇಕಾಗುತ್ತೆ, ಬೆಳಗ್ಗೆನೇ ಹೋಗ್ಬೇಕು, ಸ್ಟೂಡೆಂಟ್‌ಗಳು ಸುತ್ತ ನಿಂತ್ಕೊಂಡು ಒಂದೇ ಪ್ರಶ್ನೆ ನಾಲ್ಕು ಸಲ ಕೇಳ್ತಾರೆ, ಆದ್ರೆ ಮೇಷ್ಟ್ರು ಬಂದು ಅವ್ರಿಗೆ ಹೇಳಿಕೊಡ್ತಾ ಕಾಲು ಪರೀಕ್ಷೆ ಮಾಡೋವಾಗ ನಮಗೂ ಎಷ್ಟೊಂದು ತಿಳಿಯುತ್ತೆ.

ನಮ್ಮ ಕಡೆಯಿಂದಲೂ ಕೆಲಸ ಇದೆ. ಚುಕ್ಕಿಗೆ ಒಂದು ಫೈಲ್ ಮಾಡಿದೀನಿ, ಲಸಿಕೆ ಕಾರ್ಡ್, ರಿಪೋರ್ಟ್, ತೂಕ ಎಲ್ಲಾ ಅದ್ರಲ್ಲೇ. ಕುಂಟೋದು, ಕೆಮ್ಮೋದು ಕ್ಲಿನಿಕ್‌ಗೆ ಹೋದ ತಕ್ಷಣ ನಿಂತೋಗುತ್ತೆ, ಅದಕ್ಕೆ ಮನೇಲೇ ವಿಡಿಯೋ ಮಾಡ್ಕೊಂಡು ಹೋಗ್ತೀನಿ. ನಾವು ನುಂಗೋ ನೋವಿನ ಮಾತ್ರೆ, ಬ್ರೂಫೆನ್ ಅಂತೂ, ಯಾವತ್ತೂ ಕೊಡಲ್ಲ, ನಾಯಿ ಕಿಡ್ನಿನೇ ಹೋಗ್ಬಹುದು. ಬಾಯಿಗೆ ಮಜಲ್ ಹಾಕಿಸ್ಕೊಳ್ಳೋದು ಮರಿಯಿದ್ದಾಗಲೇ ಅಭ್ಯಾಸ ಮಾಡಿಸಿದ್ದೆ, ನೋವಲ್ಲಿರೋ ನಾಯಿ ಎಷ್ಟೇ ಸಾಧು ಆದ್ರೂ ಕಚ್ಚುತ್ತೆ, ಡಾಕ್ಟರ್ ಕೈನೂ ಕೈ ಅಲ್ವಾ.

ಮೇಡಂ ಕ್ಲಿನಿಕ್ ರಾತ್ರಿ ಇರಲ್ಲ. ಅದನ್ನ ಮೊದಲ ದಿನಾನೇ ಕೇಳಿದ್ದೆ, ರಾತ್ರಿ ತೆಗೆದಿರೋ ಒಂದು ಆಸ್ಪತ್ರೆ ಹೆಸರು ಅವ್ರೇ ಕೊಟ್ರು, ಒಂದು ಭಾನುವಾರ ಹೋಗಿ ದಾರಿ ನೋಡ್ಕೊಂಡು ಬಂದ್ವಿ, ನಂಬರ್ ಫ್ರಿಜ್ ಮೇಲೆ ಅಂಟಿಸಿದೀವಿ.