ಟೋ-ಹಾಲ್ ಮೋಡ್: ಟ್ರೇಲರ್ ಕಟ್ಟಿಕೊಂಡು ಬೆಟ್ಟ ಇಳಿಯುವುದು ಹೇಗೆ?

ಅಮೆರಿಕದ ಡೆನ್ವರ್‌ನಿಂದ ಪಶ್ಚಿಮಕ್ಕೆ ಐ-70 ಹೆದ್ದಾರಿ ಹಿಡಿದು ಒಂದು ಗಂಟೆ ಹೋದರೆ ಐಸೆನ್‌ಹೋವರ್ ಸುರಂಗ ಸಿಗುತ್ತದೆ. ಅದರ ಪಶ್ಚಿಮದ ಬಾಯಿ ಇರುವುದು 11,158 ಅಡಿ ಎತ್ತರದಲ್ಲಿ. ಸುರಂಗದಿಂದ ಹೊರಗೆ ಬಂದಿದ್ದೇ ತಡ, ಇಳಿಜಾರು ಶುರು. ಸಿಲ್ವರ್‌ಥಾರ್ನ್ ಊರು ಮುಟ್ಟುವವರೆಗೆ ಸುಮಾರು ಎಂಟು ಮೈಲಿ ಬರೀ ಇಳಿಯುವುದೇ.

ಮೊದಲ ಸಲ ಪಿಕಪ್ ಗಾಡಿಗೆ ಟ್ರೇಲರ್ ಕಟ್ಟಿಕೊಂಡು ಹೋದಾಗ ನಾನು ಅಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಹತ್ತುವಾಗ ಟೋ-ಹಾಲ್ ಬಟನ್ (ಭಾರ ಎಳೆಯುವಾಗ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಗೇರ್ ಬದಲಿಸುವ ರೀತಿಯನ್ನು ಮಾರ್ಪಡಿಸುವ ಬಟನ್) ಒತ್ತಿದ್ದೆ, ಗಾಡಿ ಸಲೀಸಾಗಿ ಹತ್ತಿತ್ತು. ಇಳಿಜಾರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಇಂಜಿನ್ ಜೋರಾಗಿ ಕೂಗಿತು, ಮುಳ್ಳು 3,000 ಆರ್‌ಪಿಎಂ ಹತ್ತಿರ ಹೋಯಿತು. ಇಂಜಿನ್‌ಗೆ ಏನೋ ಆಗುತ್ತಿದೆ ಅಂತ ಹೆದರಿ ಬಟನ್ ಆಫ್ ಮಾಡಿಬಿಟ್ಟೆ. ಸದ್ದು ನಿಂತಿತು. ಎರಡು ಮೈಲಿ ಹೋಗುವಷ್ಟರಲ್ಲಿ ಬ್ರೇಕ್ ಸುಟ್ಟ ವಾಸನೆ. ಪೆಡಲ್ ಮೊದಲಿಗಿಂತ ಆಳಕ್ಕೆ ಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮಕ್ಕಳು. ಹೇಗೋ ಪಕ್ಕಕ್ಕೆ ಹಾಕಿ, ಇಳಿದು ಮುಂದಿನ ಚಕ್ರದ ಹತ್ತಿರ ಕೈ ಹಿಡಿದರೆ, ಕಾದ ದೋಸೆ ಕಾವಲಿ ಮುಂದೆ ನಿಂತ ಹಾಗೆ ಶಾಖ ಹೊಡೆಯಿತು.

ನನ್ನ ಸೋದರಮಾವ ಹಾಸನ-ಮಂಗಳೂರು ರೂಟಿನಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿದವರು. ಶಿರಾಡಿ ಘಾಟಿ ಬಗ್ಗೆ ಅವರು ಹೇಳುತ್ತಿದ್ದುದು ಒಂದೇ ಮಾತು: "ಹತ್ತೋಕೆ ಯಾವ ಗೇರೋ, ಇಳಿಯೋಕೂ ಅದೇ ಗೇರು." ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇದ್ದರೆ ಈ ನಿಯಮವನ್ನು ಪಾಲಿಸುವುದು ಹೇಗೆ? ಅದಕ್ಕೇ ಟೋ-ಹಾಲ್ ಮೋಡ್ ಇರುವುದು. ಎಳೆಯುವುದಕ್ಕಿಂತ ಜಾಸ್ತಿ ಅದು ಬೇಕಾಗುವುದು ಇಳಿಯುವುದಕ್ಕೆ. ರ‍್ಯಾಮ್ 2500, ಫೋರ್ಡ್ ಎಫ್-250, ಶೆವರ್ಲೆ ಸಿಲ್ವರಾಡೊ 2500 ಥರದ ಭಾರಿ ಪಿಕಪ್ ತೆಗೆದುಕೊಂಡು ಕ್ಯಾಂಪಿಂಗ್ ಟ್ರೇಲರ್ ಎಳೆಯಲು ಹೊರಟಿರುವ ನಮ್ಮ ಕನ್ನಡದ ಕುಟುಂಬಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬಟನ್ ಒತ್ತಿದರೆ ಒಳಗೆ ಏನಾಗುತ್ತದೆ?

ಟೋ ಎಂದರೆ ಎಳೆಯುವುದು, ಹಾಲ್ ಎಂದರೆ ಹೊರುವುದು. ಸಾಮಾನ್ಯ ಮೋಡ್‌ನಲ್ಲಿ ಗೇರ್‌ಬಾಕ್ಸ್ ಡೀಸೆಲ್ ಉಳಿಸಲು ನೋಡುತ್ತದೆ, ಆದಷ್ಟು ಬೇಗ ಮೇಲಿನ ಗೇರ್‌ಗೆ ಹೋಗುತ್ತದೆ. ಹಿಂದೆ ಭಾರ ಇದ್ದಾಗ ಆ ಗೇರ್‌ನಲ್ಲಿ ಎಳೆಯಲು ಆಗುವುದಿಲ್ಲ, ಕೆಳಗೆ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಹೀಗೆ ಹತ್ತಿ ಇಳಿದು ಗೇರ್‌ಬಾಕ್ಸ್ ಎಣ್ಣೆ ಕಾಯುತ್ತದೆ. ಟೋ-ಹಾಲ್ ಹಾಕಿದರೆ ಪ್ರತಿ ಗೇರನ್ನೂ ಜಾಸ್ತಿ ಹೊತ್ತು ಹಿಡಿದುಕೊಳ್ಳುತ್ತದೆ. ಇಳಿಜಾರಿನಲ್ಲಿ ನೀವು ಬ್ರೇಕ್ ಮುಟ್ಟಿದರೆ ತಾನೇ ಕೆಳಗಿನ ಗೇರ್‌ಗೆ ಬಂದು ಇಂಜಿನ್‌ನಿಂದ ಗಾಡಿಯನ್ನು ತಡೆಯುತ್ತದೆ.

ಒಂದು ವಿಷಯ ಸ್ಪಷ್ಟವಾಗಿರಲಿ. ಈ ಬಟನ್ ಒತ್ತಿದರೆ ಗಾಡಿ ಎಳೆಯಬಲ್ಲ ತೂಕ ಒಂದು ಪೌಂಡ್ ಕೂಡ ಜಾಸ್ತಿ ಆಗುವುದಿಲ್ಲ.

ಮೊದಲು ತೂಕ ನೋಡಿ

ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನ ಮೇಲೆ ಒಂದು ಸ್ಟಿಕ್ಕರ್ ಕಾಣುತ್ತದೆ. ಜನ ಮತ್ತು ಸಾಮಾನು ಸೇರಿ ಎಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಹಿಚ್ ಮೇಲೆ, ಅಂದರೆ ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿಯ ಮೇಲೆ, ಟ್ರೇಲರ್ ಹಾಕುವ ಭಾರವೂ ಈ ಲೆಕ್ಕಕ್ಕೇ ಸೇರುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ. ಚೆಂಡಿನ ಹಿಚ್‌ಗೆ ಕಟ್ಟುವ ಟ್ರೇಲರ್ ಆದರೆ ಅದರ ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಹಿಚ್ ಮೇಲೆ ಕೂರಬೇಕು. 7,000 ಪೌಂಡಿನ ಟ್ರೇಲರ್ ಅಂದರೆ 700ರಿಂದ 1,050 ಪೌಂಡ್. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್ ಬಾಲ ಬೀಸಲು ಶುರು ಮಾಡುತ್ತದೆ. ನೀರಿನ ಟ್ಯಾಂಕ್, ಅಕ್ಕಿ ಮೂಟೆ, ಸೈಕಲ್ ಎಲ್ಲ ಹಿಂದೆ ತುಂಬಿದವರಿಗೆ ಆಗುವುದು ಇದೇ. ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ತೂಕದ ಕಟ್ಟೆ ಇರುತ್ತದೆ. ಒಂದು ಸಲ ಎಲ್ಲ ತುಂಬಿಕೊಂಡು ಹೋಗಿ ತೂಕ ಹಾಕಿಸಿ.

ಟ್ರೇಲರ್ ಬ್ರೇಕ್ ಹೊಂದಿಸಿ

ಮನೆ ಹತ್ತಿರ ಖಾಲಿ ಇರುವ, ಒಣಗಿದ, ಸಮತಟ್ಟಾದ ರಸ್ತೆ ಹುಡುಕಿ. ಗಂಟೆಗೆ 20-25 ಮೈಲಿ ವೇಗದಲ್ಲಿ ಹೋಗುತ್ತಾ ಕಾಲಿನ ಬ್ರೇಕ್ ಮುಟ್ಟದೆ ಟ್ರೇಲರ್ ಚಕ್ರಗಳ ಬ್ರೇಕನ್ನಷ್ಟೇ ಹಿಡಿಸುವ, ಡ್ರೈವರ್ ಪಕ್ಕದ ಕೈ ಲಿವರ್ ಪೂರ್ತಿ ಒತ್ತಿ. ಟ್ರೇಲರ್ ನಿಮ್ಮನ್ನು ಹಿಂದಕ್ಕೆ ಜಗ್ಗಬೇಕು. ಜಗ್ಗದಿದ್ದರೆ ಗೇನ್ ಅನ್ನುವ ಅಂಕಿಯನ್ನು (ಟ್ರೇಲರ್ ಬ್ರೇಕ್ ಎಷ್ಟು ಜೋರಾಗಿ ಹಿಡಿಯಬೇಕು ಅನ್ನುವ ಲೆಕ್ಕ) ಏರಿಸಿ. ಚಕ್ರ ಲಾಕ್ ಆಗಿ ಉಜ್ಜಿದರೆ ಸ್ವಲ್ಪ ಇಳಿಸಿ. ತೂಕ ಬದಲಾದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು.

ಆ ಲಿವರ್ ಎಲ್ಲಿದೆ ಅಂತ ಕೈಗೆ ಅಭ್ಯಾಸ ಆಗಲಿ. ಟ್ರೇಲರ್ ಓಲಾಡಲು ಶುರುವಾದರೆ ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಆ ಲಿವರನ್ನು ಮೆಲ್ಲಗೆ ಒತ್ತಬೇಕು. ಆಗ ಟ್ರೇಲರ್ ಹಿಂದಕ್ಕೆ ಎಳೆದು ನೇರವಾಗುತ್ತದೆ. ಗಾಬರಿಯಾಗಿ ಕಾಲಿನ ಬ್ರೇಕ್ ತುಳಿದರೆ ಓಲಾಟ ಜಾಸ್ತಿಯಾಗಬಹುದು.

ಹತ್ತುವಾಗ

ಕೆಲವು ಗಾಡಿಗಳಲ್ಲಿ ಬಟನ್ ಗೇರ್ ಕಡ್ಡಿಯ ತುದಿಯಲ್ಲಿರುತ್ತದೆ, ಕೆಲವುಗಳಲ್ಲಿ ಡ್ಯಾಶ್‌ಬೋರ್ಡ್‌ನಲ್ಲಿ. ಹೊರಡುವ ಮೊದಲೇ ಒತ್ತಿ, ಮೀಟರ್‌ನಲ್ಲಿ ಗುರುತು ಬಂತಾ ಅಂತ ನೋಡಿ. ಇಂಜಿನ್ ಆಫ್ ಮಾಡಿ ಮತ್ತೆ ಶುರು ಮಾಡಿದರೆ ಹಲವು ಗಾಡಿಗಳಲ್ಲಿ ಮೋಡ್ ಹೋಗಿಬಿಡುತ್ತದೆ. ಹಾಗಾಗಿ ಬಂಕಿನಲ್ಲಿ ನಿಲ್ಲಿಸಿ ಹೊರಟಾಗಲೂ ನೋಡಿ.

ಏರಿನಲ್ಲಿ ಅವಸರ ಬೇಡ. ಬಲಗಡೆಯ ಲೇನ್‌ನಲ್ಲಿ, ಲಾರಿಗಳ ಹಿಂದೆ, 45 ಮೈಲಿ ವೇಗದಲ್ಲಿ ಹತ್ತಿದರೆ ಏನೂ ನಷ್ಟವಿಲ್ಲ. ಗೇರ್‌ಬಾಕ್ಸ್ ಎಣ್ಣೆಯ ಬಿಸಿ ತೋರಿಸುವ ಮೀಟರನ್ನು ಪರದೆ ಮೇಲೆ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಅದು 170ರಿಂದ 200 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿ ಇರುತ್ತದೆ. 220 ದಾಟಿ ಏರುತ್ತಲೇ ಇದ್ದರೆ ವೇಗ ತಗ್ಗಿಸಿ. ನಿಲ್ಲಿಸಬೇಕಾಗಿ ಬಂದರೆ ಪಾರ್ಕ್‌ಗೆ ಹಾಕಿ, ಇಂಜಿನ್ ಓಡಲಿ. ಎಣ್ಣೆ ಕೂಲರ್‌ನಲ್ಲಿ ಸುತ್ತಿ ತಣ್ಣಗಾಗುವುದು ಇಂಜಿನ್ ಓಡುತ್ತಿದ್ದರೆ ಮಾತ್ರ.

ಇಳಿಯುವಾಗ

ಮೊದಲು ಒಂದು ಲೆಕ್ಕ ನೋಡಿ. ಪಿಕಪ್, ಟ್ರೇಲರ್, ಜನ ಎಲ್ಲ ಸೇರಿ 15,000 ಪೌಂಡ್, ಅಂದರೆ ಸುಮಾರು 6,800 ಕಿಲೋ ಅಂತ ಇಟ್ಟುಕೊಳ್ಳೋಣ. ಸುರಂಗದಿಂದ ಸಿಲ್ವರ್‌ಥಾರ್ನ್‌ಗೆ ಎರಡು ಸಾವಿರ ಅಡಿಗೂ ಜಾಸ್ತಿ ಇಳಿಯುತ್ತೇವೆ. ಇಷ್ಟು ಭಾರ ಇಷ್ಟು ಕೆಳಗೆ ಬಂದರೆ ಹೊರಬರುವ ಶಕ್ತಿ, ನಮ್ಮ ಕರೆಂಟ್ ಬಿಲ್ಲಿನ ಭಾಷೆಯಲ್ಲಿ, ಸುಮಾರು 12 ಯೂನಿಟ್. ಹತ್ತೇ ನಿಮಿಷದಲ್ಲಿ. ಎರಡು ಕಿಲೋವ್ಯಾಟಿನ 35 ಗೀಸರ್‌ಗಳನ್ನು ಒಟ್ಟಿಗೆ ಹತ್ತು ನಿಮಿಷ ಉರಿಸಿದಷ್ಟು ಶಾಖ ಅದು. ಒಂದಿಷ್ಟನ್ನು ಗಾಳಿ ತಿನ್ನುತ್ತದೆ. ಉಳಿದಿದ್ದನ್ನೆಲ್ಲ ಬ್ರೇಕಿನ ಡಿಸ್ಕ್‌ಗಳಿಗೆ ಕೊಟ್ಟರೆ ಅವು ಕಾಯದೆ ಏನು ಮಾಡುತ್ತವೆ ಹೇಳಿ? ಅದಕ್ಕೇ ಇಂಜಿನ್ ಆ ಕೆಲಸ ಮಾಡಬೇಕು.

ಇಳಿಜಾರು ಶುರುವಾಗುವ ಮೊದಲೇ ವೇಗ ಇಳಿಸಿ. ಸುರಂಗದ ಒಳಗಿರುವಾಗಲೇ ನಾನು 45ಕ್ಕೆ ತರುತ್ತೇನೆ. ಡೀಸೆಲ್ ಗಾಡಿಯಾದರೆ ಎಕ್ಸಾಸ್ಟ್ ಬ್ರೇಕ್ ಬಟನನ್ನೂ ಒತ್ತಿ. ಅದು ಹೊಗೆ ಹೋಗುವ ದಾರಿಯನ್ನು ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಹತ್ತಿರ ಬಿಗಿ ಮಾಡುತ್ತದೆ. ಇಂಜಿನ್ ಉಸಿರು ಬಿಡಲು ಕಷ್ಟಪಡುತ್ತದೆ, ಆ ಕಷ್ಟವೇ ಗಾಡಿಯನ್ನು ತಡೆಯುತ್ತದೆ. ನಮ್ಮೂರಿನ ದೊಡ್ಡ ಲಾರಿಗಳಲ್ಲೂ ಇದು ಇದೆ.

ಇನ್ನು ಕಾಲಿನ ಕೆಲಸ. ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇಳಿಯಬೇಡಿ. ವೇಗ 50ಕ್ಕೆ ಬಂದರೆ ಒಮ್ಮೆ ಗಟ್ಟಿಯಾಗಿ ಒತ್ತಿ 45ಕ್ಕೆ ತನ್ನಿ, ಪೂರ್ತಿ ಬಿಡಿ. ಗೇರ್‌ಬಾಕ್ಸ್ ಒಂದು ಗೇರ್ ಕೆಳಗೆ ಬರುತ್ತದೆ. ಮತ್ತೆ ವೇಗ ಏರಿದರೆ ಮತ್ತೆ ಒತ್ತಿ, ಬಿಡಿ. ಇನ್ನೊಂದು ಗೇರ್ ಇಳಿಯುತ್ತದೆ. ಎರಡು ಮೂರು ಸಲ ಮಾಡುವಷ್ಟರಲ್ಲಿ ಗಾಡಿ ಒಂದೇ ವೇಗದಲ್ಲಿ ನಿಲ್ಲುತ್ತದೆ. ಸಾಲದಿದ್ದರೆ ಗೇರ್ ಕಡ್ಡಿಯ ಮೈನಸ್ ಗುಂಡಿ ಒತ್ತಿ ನೀವೇ ಗೇರ್ ಇಳಿಸಬಹುದು.

ಇಂಜಿನ್ ಕೂಗುತ್ತದೆ. ಕೂಗಲಿ. ಮುಳ್ಳು ಕೆಂಪು ಗೆರೆ ಮುಟ್ಟದಿದ್ದರೆ ಸಾಕು. ನಾನು ಅವತ್ತು ಹೆದರಿದ್ದು ಈ ಸದ್ದಿಗೇ. ಈಗ ಆ ಸದ್ದು ಕೇಳಿಸದಿದ್ದರೆ ಭಯವಾಗುತ್ತದೆ.

ಹಿಮ, ಮಂಜುಗಡ್ಡೆ ಇದ್ದರೆ ಮಾತ್ರ ಎಕ್ಸಾಸ್ಟ್ ಬ್ರೇಕ್ ಆಫ್ ಮಾಡಿ. ಅದು ತಡೆಯುವುದು ಇಂಜಿನ್ ಓಡಿಸುವ ಚಕ್ರಗಳನ್ನು ಮಾತ್ರ. ಹಿಂದಿನ ಚಕ್ರ ಜಾರಿದರೆ ಟ್ರೇಲರ್ ಪಕ್ಕಕ್ಕೆ ತಳ್ಳಿಬಿಡುತ್ತದೆ. ಅಂಥ ದಿನ ಪ್ರಯಾಣ ಮುಂದಕ್ಕೆ ಹಾಕುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ವಾಪಸ್ ಬರುವಾಗ

ಡೆನ್ವರ್ ಕಡೆಗೆ ಇಳಿಯುವಾಗ ದೂರದ ಬಯಲು ಕಾಣುತ್ತದೆ. ಮನೆ ಬಂತು ಅನ್ನಿಸಿ ಬಟನ್ ಕಡೆ ಕೈ ಹೋಗುತ್ತದೆ. ಸರಿಯಾಗಿ ಅಲ್ಲಿ ಲಾರಿಯವರಿಗಾಗಿ ಹಳದಿ ಬೋರ್ಡುಗಳಿವೆ: ಮೋಸ ಹೋಗಬೇಡಿ, ಕಡಿದಾದ ಇಳಿಜಾರು ಇನ್ನೂ ನಾಲ್ಕು ಮೈಲಿ ಇದೆ. ಮುಂದೆ ಹೋದರೆ ಇನ್ನೊಂದು: ನೀವಿನ್ನೂ ಕೆಳಗೆ ಬಂದಿಲ್ಲ. ಟ್ರೇಲರ್ ಕಟ್ಟಿದವರಿಗೂ ಆ ಮಾತು ಅಷ್ಟೇ ನಿಜ. ರಸ್ತೆ ಪೂರ್ತಿ ಸಮತಟ್ಟಾಗುವವರೆಗೆ ಮೋಡ್ ತೆಗೆಯಬೇಡಿ. ಕೆಳಗೆ ಬಂದ ಮೇಲೆ ಒಮ್ಮೆ ನಿಲ್ಲಿಸಿ, ಒಂದೊಂದೇ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಮುಟ್ಟಬೇಡಿ. ಎಲ್ಲ ಚಕ್ರಗಳ ಶಾಖ ಹೆಚ್ಚುಕಡಿಮೆ ಒಂದೇ ಇರಬೇಕು. ಟ್ರೇಲರಿನ ಒಂದೇ ಚಕ್ರ ಜಾಸ್ತಿ ಬಿಸಿ ಇದ್ದರೆ ಬೇರಿಂಗ್ ಅಥವಾ ಬ್ರೇಕ್ ಹಿಡಿದುಕೊಂಡಿರಬಹುದು, ಮುಂದಿನ ಪ್ರವಾಸಕ್ಕೆ ಮೊದಲು ಬಿಚ್ಚಿ ತೋರಿಸಿ.