ಪಂಚನಾಮೆಯ ಹಾಳೆ ಕೊನೆಯ ಸಾಲಿಗೂ ಕಾಣಬೇಕು

ತಪ್ಪು ಶಿಕ್ಷೆಯ ಅನುಮಾನ ಎತ್ತುವ ಸಾಕ್ಷ್ಯಚಿತ್ರದಲ್ಲಿ ಒಂದು ಹಾಳೆ ಇದ್ದೇ ಇರುತ್ತದೆ. ಪಂಚರ ಮುಂದೆ ಪೊಲೀಸರು ಬರೆಯುವ ಪಂಚನಾಮೆಯದೋ, ಎಫ್‌ಐಆರ್‌ದೋ, ಪಾಟಿ ಸವಾಲಿನ ಒಂದು ಪುಟವೋ. ಪೊಲೀಸರು ಮುದ್ದೆಮಾಲು, ಅಂದರೆ ಪ್ರಕರಣದ ವಸ್ತು, ಜಪ್ತಿ ಮಾಡಿದ ಹೊತ್ತಿಗೂ ಆರೋಪಿ ಅದರ ಜಾಗ ಹೇಳಿದ ಎನ್ನುವ ಹೊತ್ತಿಗೂ ತಾಳೆಯಾಗದ ಎರಡು ಸಾಲು ಅದರಲ್ಲಿರುತ್ತವೆ. ಇಡೀ ಚಿತ್ರ ನಿಂತಿರುವುದು ಆ ಎರಡು ಸಾಲಿನ ಮೇಲೆ. ರಾಯಚೂರು, ಸಿಂಧನೂರು, ಗಂಗಾವತಿ ಕಡೆ ಇಂಥ ಚಿತ್ರಗಳನ್ನು ತೋರಿಸುವಾಗ ನಮ್ಮ ತಯಾರಿಯೆಲ್ಲ ಆ ಹಾಳೆಯ ಸುತ್ತಲೇ ನಡೆಯುತ್ತದೆ. ತಾಯಿಯ ಕಣ್ಣೀರು ಯಾವ ಪರದೆಯ ಮೇಲೂ ಕಾಣುತ್ತದೆ, ಹಾಳೆ ಹಾಗಲ್ಲ.

ಸಭಾಂಗಣ ಗೊತ್ತು ಮಾಡುವ ಮೊದಲು ಪ್ರಕರಣ ಯಾವ ಹಂತದಲ್ಲಿದೆ ಎಂದು ನೋಡಬೇಕು. ರಾಯಚೂರು ಜಿಲ್ಲೆಯ ಸೆಷನ್ಸ್ ತೀರ್ಪಿನ ಮೇಲ್ಮನವಿ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗುತ್ತದೆ, ಬಳ್ಳಾರಿ ಮತ್ತು ಕೊಪ್ಪಳದ್ದು ಧಾರವಾಡ ಪೀಠಕ್ಕೆ. ಸಿಎನ್‌ಆರ್ ಸಂಖ್ಯೆ ಎಂಬ 16 ಅಕ್ಷರ-ಅಂಕಿಗಳ ಗುರುತು ಸಿಕ್ಕರೆ ನ್ಯಾಯಾಲಯಗಳ ಜಾಲತಾಣವಾದ ಇ-ಕೋರ್ಟ್ಸ್‌ನಲ್ಲಿ ಮುಂದಿನ ದಿನಾಂಕದವರೆಗೆ ಎಲ್ಲ ಗೊತ್ತಾಗುತ್ತದೆ. ಇದನ್ನು ಬಿಡುವಂತಿಲ್ಲ. ನ್ಯಾಯಾಂಗ ನಿಂದನೆ ಕಾಯ್ದೆ 1971ರ 5ನೇ ಕಲಮಿನ ಪ್ರಕಾರ, ಅಂತಿಮವಾಗಿ ತೀರ್ಮಾನವಾದ ಪ್ರಕರಣದ ಗುಣಾವಗುಣದ ಬಗ್ಗೆ ನ್ಯಾಯಯುತ ವಿಮರ್ಶೆ ನಿಂದನೆಯಲ್ಲ. ಆದರೆ ಮೇಲ್ಮನವಿ ವಿಚಾರಣೆಯಲ್ಲಿದ್ದರೆ, ಅಥವಾ ಮೇಲ್ಮನವಿಯ ಅವಧಿ ಇನ್ನೂ ಮುಗಿಯದಿದ್ದರೆ, ಪ್ರಕರಣ ಬಾಕಿ ಇದೆ ಎಂದೇ ಲೆಕ್ಕ. ಹೈಕೋರ್ಟಿಗೆ ಹೋಗಲು ಸಾಮಾನ್ಯವಾಗಿ 60 ದಿನ. ಬಾಕಿ ಇರುವ ಪ್ರಕರಣದ ಚಿತ್ರವನ್ನು ಮೇಲ್ಮನವಿ ನಡೆಸುವ ವಕೀಲರಿಗೆ ಪೂರ್ತಿ ತೋರಿಸಿ, ಅವರು ಆಗಬಹುದು ಎಂದ ಮೇಲೆಯೇ ನಾವು ಮುಂದುವರಿಯುತ್ತೇವೆ. ಅವರು ಬೇಡ ಎಂದರೆ ಬೇಡ. ಒಳಗಿರುವವನ ಬಿಡುಗಡೆಗಿಂತ ನಮ್ಮ ಪ್ರದರ್ಶನ ದೊಡ್ಡದಲ್ಲ.

ಅದೇ ಕಾರಣಕ್ಕೆ ಕರಪತ್ರದಲ್ಲಿ ‘ನಿರಪರಾಧಿ’ ಎಂದು ನಾವು ಎಂದೂ ಬರೆಯುವುದಿಲ್ಲ. ‘ಉತ್ತರ ಸಿಗದ ಪ್ರಶ್ನೆಗಳು’ ಎಂದು ಬರೆಯುತ್ತೇವೆ. ಆತ ಮಾಡಿಲ್ಲ ಎಂದು ನಮಗೂ ಗೊತ್ತಿರುವುದಿಲ್ಲ. ಮಾಡಿದ್ದಾನೆಂದು ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಗಿದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಇನ್ನೊಂದು ಮನೆ ಇದೆ: ಸತ್ತವರ ಮನೆ. ನಮ್ಮ ಊರುಗಳಲ್ಲಿ ಅದು ಹೆಚ್ಚಾಗಿ ಮೂರು ಓಣಿ ಆಚೆಗೇ ಇರುತ್ತದೆ. ಪೋಸ್ಟರ್ ಅಂಟಿಸುವ ಮೊದಲು, ಕನಿಷ್ಠ ಒಂದು ವಾರ ಮುಂಚೆ, ಹಿರಿಯರೊಬ್ಬರನ್ನು ಕರೆದುಕೊಂಡು ಅಲ್ಲಿಗೆ ಹೋಗಬೇಕು. ಒಪ್ಪಿಗೆ ಕೇಳಲು ಹೋಗುವುದಲ್ಲ, ವಿಷಯ ತಿಳಿಸಲು ಹೋಗುವುದು. ಅವರು ಬೈದರೆ ಕೇಳಿಸಿಕೊಂಡು ಬರಬೇಕು. ಚಿತ್ರದಲ್ಲಿ ಶವದ ಫೋಟೋ ಇದ್ದರೆ ತೆಗೆಸಿ ಎಂದು ನಿರ್ದೇಶಕರಿಗೆ ಹೇಳುತ್ತೇವೆ, ತೆಗೆಯದಿದ್ದರೆ ತೋರಿಸುವುದಿಲ್ಲ. ಅತ್ಯಾಚಾರದ ಪ್ರಕರಣವಾದರೆ ಸಂತ್ರಸ್ತೆಯ ಗುರುತು ಹೊರಬೀಳುವಂತಿಲ್ಲ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮು ಅದನ್ನು ಅಪರಾಧ ಎನ್ನುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪೋಕ್ಸೊ ಪ್ರಕರಣ ಆದರೆ ಶಾಲೆ, ಓಣಿ, ಮನೆಯವರ ಹೆಸರು ಯಾವುದೂ ಬರಬಾರದು. ಚಿತ್ರದಲ್ಲಿ ಮುಖ ಮಸುಕು ಮಾಡಿರುತ್ತಾರೆ, ಆದರೆ ಹಿನ್ನೆಲೆಯಲ್ಲಿ ಶಾಲೆಯ ಬೋರ್ಡು ಹಾಗೇ ಉಳಿದಿರುತ್ತದೆ. ಒಮ್ಮೆ ಧ್ವನಿ ಬಂದ್ ಮಾಡಿ, ಬರೀ ಹಿನ್ನೆಲೆ ನೋಡಲೆಂದೇ ಪೂರ್ತಿ ಚಿತ್ರ ನೋಡಬೇಕು.

ಸಾರ್ವಜನಿಕ ಪ್ರದರ್ಶನಕ್ಕೆ ಸಿನಿಮಾಟೋಗ್ರಾಫ್ ಕಾಯ್ದೆ 1952ರ ಪ್ರಕಾರ ಸೆನ್ಸಾರ್ ಪ್ರಮಾಣಪತ್ರ ಬೇಕು. ಸಾಕ್ಷ್ಯಚಿತ್ರ ಎಂಬ ಒಂದೇ ಕಾರಣಕ್ಕೆ ವಿನಾಯಿತಿ ಇಲ್ಲ. ಓಟಿಟಿಯಲ್ಲಿ ಚಂದಾ ಕಟ್ಟಿದ್ದೇವೆ ಎಂದು ಸಭಾಂಗಣದಲ್ಲಿ ಹಾಕುವುದೂ ತಪ್ಪು. ನಿರ್ಮಾಪಕರಿಂದ ದಿನಾಂಕ, ಸ್ಥಳ ಬರೆದ ಅನುಮತಿ ಪತ್ರ, ಪ್ರಮಾಣಪತ್ರದ ನಕಲು, ಸಭಾಂಗಣದ ರಸೀದಿ, ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯ ಪರವಾನಗಿ, ಈ ನಾಲ್ಕನ್ನೂ ಒಂದೇ ಫೈಲಿನಲ್ಲಿಟ್ಟು ಬಾಗಿಲ ಬಳಿ ಇರುವವರ ಕೈಗೆ ಕೊಡುತ್ತೇವೆ. ‘ಇದು ಪೊಲೀಸರ ವಿರುದ್ಧದ ಸಿನಿಮಾ ಏನ್ರಿ?’ ಎಂದು ಠಾಣೆಯಲ್ಲಿ ಕೇಳಿಯೇ ಕೇಳುತ್ತಾರೆ. ‘ಕೋರ್ಟಿನ ದಾಖಲೆ ಓದುವ ಕಾರ್ಯಕ್ರಮ ಸರ್, ನೀವೂ ಬನ್ನಿ’ ಎಂದು ಕರೆಯುತ್ತೇವೆ. ಅದು ನಿಜವಾದ ಮಾತೂ ಹೌದು.

ಈಗ ಹಾಳೆಗೆ ಬರೋಣ. 10 ಅಡಿ ಅಗಲದ ಪರದೆಯ ಮೇಲೆ ಚಿತ್ರದ ಎತ್ತರ ಸುಮಾರು ಐದೂವರೆ ಅಡಿ. ಎ4 ಹಾಳೆಯನ್ನು ಇಡಿಯಾಗಿ ತೋರಿಸಿದರೆ 30–35 ಸಾಲು ಅಷ್ಟರಲ್ಲೇ ಹಿಡಿಯಬೇಕು. ಆಗ ಅಕ್ಷರ ಒಂದಿಂಚಿನ ಆಚೀಚೆ. ಇಂಚಿನ ಅಕ್ಷರವನ್ನು 25 ಅಡಿಯಾಚೆಯಿಂದ ಆರಾಮಾಗಿ ಓದಲಾಗದು, ಒತ್ತಕ್ಷರಗಳಂತೂ ಮೊದಲೇ ಮಸುಕಾಗುತ್ತವೆ. ಅಂದರೆ ಏಳನೆಯದೋ ಎಂಟನೆಯದೋ ಸಾಲಿನಿಂದ ಹಿಂದೆ ಕುಳಿತವರಿಗೆ ಅದು ಬರೀ ಬಿಳಿ ಕಾಗದ. ಐದಾರು ಸಾಲು ಮಾತ್ರ ತುಂಬುವಂತೆ ಹತ್ತಿರ ತಂದು, 12 ಸೆಕೆಂಡ್ ನಿಲ್ಲಿಸಿದ ಪ್ರತಿ ಕೊಡಿ ಎಂದು ನಿರ್ದೇಶಕರನ್ನು ಕೇಳಿ. ಆಗದಿದ್ದರೆ ಆ ಪುಟವನ್ನೇ ಝೆರಾಕ್ಸ್ ಮಾಡಿಸಿ ಹಂಚಬೇಕು. ನಾವು ಎರಡೂ ಮಾಡುತ್ತೇವೆ. 150 ಕುರ್ಚಿಗೆ 150 ಪ್ರತಿ, ಚಿತ್ರ ಮುಗಿದು ದೀಪ ಹಾಕಿದ ಮೇಲೆ. ಮೊದಲೇ ಕೊಟ್ಟರೆ ಜನ ಮೊಬೈಲ್ ಟಾರ್ಚ್ ಹಾಕಿ ಓದುತ್ತಾ ಕೂರುತ್ತಾರೆ. ಸಾಕ್ಷಿಗಳ ಹೆಸರು, ವಿಳಾಸಕ್ಕೆ ಕಪ್ಪು ಮಾರ್ಕರ್ ಹಚ್ಚಬೇಕು, ಆದರೆ ಮಾರ್ಕರ್ ಹಚ್ಚಿದ ಹಾಳೆಯನ್ನೇ ಹಂಚಬಾರದು. ಅದನ್ನು ಬೆಳಕಿಗೆ ಹಿಡಿದರೆ ಹೆಸರು ಓದಬಹುದು. ಅದರ ಝೆರಾಕ್ಸ್ ತೆಗೆಸಿ, ಆ ಝೆರಾಕ್ಸಿನ ಝೆರಾಕ್ಸನ್ನು ಹಂಚಿ.

ರಂಗಮಂದಿರಗಳಲ್ಲಿ ಕುರ್ಚಿ ಮೆಟ್ಟಿಲಾಗಿರುತ್ತವೆ, ತೊಂದರೆ ಕಡಿಮೆ. ಸಮುದಾಯ ಭವನ, ಕಲ್ಯಾಣ ಮಂಟಪಗಳ ನೆಲ ಸಪಾಟು. ಅಲ್ಲಿ ಪರದೆಯ ಕೆಳ ಅಂಚು ನೆಲದಿಂದ ಐದು ಅಡಿ ಮೇಲಿರಬೇಕು, ಇಲ್ಲದಿದ್ದರೆ ಕೆಳಗೆ ಬರುವ ಅಡಿಬರಹ ಮುಂದಿನವರ ತಲೆಗೆ ಮರೆಯಾಗುತ್ತದೆ. ಸಾಮಾನ್ಯ ಬಾಡಿಗೆ ಪ್ರೊಜೆಕ್ಟರ್ ಪರದೆಯ ಅಗಲದ ಒಂದೂವರೆ ಪಟ್ಟು ದೂರ ಕೇಳುತ್ತದೆ. 10 ಅಡಿಗೆ 15 ಅಡಿ, ಅಂದರೆ ಜನರ ನಡುವೆಯೇ ಮೇಜು ಬರುತ್ತದೆ. ಅದರ ಹಿಂದಿನ ಎರಡು ಕುರ್ಚಿ ಮೊದಲೇ ತೆಗೆಯಿರಿ. ಪ್ರೊಜೆಕ್ಟರಿನ ಬೆಳಕು 3500 ಲ್ಯೂಮೆನ್ಸ್ ಇದ್ದರೆ ಕತ್ತಲಲ್ಲಿ ಧಾರಾಳ, ಆದರೆ ನಮ್ಮ ಕಡೆ ಸಂಜೆ ಐದಕ್ಕೂ ಕಿಟಕಿಯಿಂದ ಬಿಸಿಲು ಹೊಡೆಯುತ್ತದೆ. ತಾಲ್ಲೂಕಿನ ಹಳ್ಳಿಗಳಿಂದ ಬರುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ವಾಪಸ್ ಬಸ್ ಸಿಗಬೇಕಾದರೆ ಐದಕ್ಕೇ ಶುರು ಮಾಡಬೇಕು. ಶಾಮಿಯಾನದವರಿಂದ ಕಪ್ಪು ಬಟ್ಟೆ ತರಿಸಿ ಪಶ್ಚಿಮದ ಕಿಟಕಿಗಳನ್ನಾದರೂ ಮುಚ್ಚಿ. ಏಪ್ರಿಲ್-ಮೇನಲ್ಲಿ ಕಿಟಕಿ ಮುಚ್ಚಿದರೆ ಒಳಗೆ ಕೂರಲಾಗದು, ಆ ಎರಡು ತಿಂಗಳು ನಾವು ಬಯಲಲ್ಲಿ, ಕತ್ತಲಾದ ಮೇಲೆ ತೋರಿಸುತ್ತೇವೆ. ರಾತ್ರಿ ಹತ್ತರ ನಂತರ ಮೈಕ್ ಹಾಕುವಂತಿಲ್ಲ ಎಂಬುದನ್ನು ಲೆಕ್ಕದಲ್ಲಿಡಿ.

ಕರೆಂಟು ಹೋದರೆ ಜನ ಕಾಯುತ್ತಾರೆ, ಪ್ರೊಜೆಕ್ಟರ್ ಕಾಯುವುದಿಲ್ಲ. ಬಿಸಿಯಾದ ಲ್ಯಾಂಪ್ ಒಮ್ಮೆಲೇ ಆರಿದರೆ ತಣ್ಣಗಾಗುವವರೆಗೆ ಹತ್ತಿಕೊಳ್ಳುವುದಿಲ್ಲ, ಕೆಲವೊಮ್ಮೆ ಸುಟ್ಟೇ ಹೋಗುತ್ತದೆ. ಪ್ರೊಜೆಕ್ಟರ್ ಮತ್ತು ಲ್ಯಾಪ್‌ಟಾಪನ್ನು 1 ಕೆವಿಎ ಯುಪಿಎಸ್ ಮೇಲೆ ಹಾಕಿ. ಸ್ಪೀಕರ್‌ಗಳನ್ನು ಅದಕ್ಕೆ ಸಿಕ್ಕಿಸಬೇಡಿ, ಜನರೇಟರ್ ಹತ್ತುವ ಮೊದಲೇ ಬ್ಯಾಟರಿ ಮುಗಿದೀತು. ಸ್ಪೀಕರ್‌ನಲ್ಲಿ ಗುಂಯ್ ಎನ್ನುವ ಸದ್ದು ಬಂದರೆ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ, ಹೆಚ್ಚಿನ ಸಲ ಅಲ್ಲಿಗೆ ನಿಲ್ಲುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯದಾದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಕನ್ನಡ ಅಡಿಬರಹ ಬೇರೆ ಫೈಲಾಗಿ ಬಂದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಒತ್ತು, ದೀರ್ಘ ಚೆಲ್ಲಾಪಿಲ್ಲಿಯಾಗುತ್ತವೆ. ‘ಸಾಕ್ಷ್ಯ’ ಎಂಬ ಪದವೇ ಒಡೆದುಹೋಗುತ್ತದೆ. ಚಿತ್ರದೊಳಗೇ ಅಚ್ಚಾದ ಪ್ರತಿ ಕೇಳಿ. ಓದು ಬಾರದ ಹಿರಿಯರು ಹೆಚ್ಚಿರುವ ಕಡೆ ಒಬ್ಬರು ಮೈಕಿನಲ್ಲಿ ಸಂಭಾಷಣೆ ಓದಿ ಹೇಳುತ್ತಾರೆ. ಗಡಿಯ ಊರುಗಳಲ್ಲಿ ತೆಲುಗು, ಉರ್ದುವಿನಲ್ಲಿಯೂ.

ಚಿತ್ರ 70 ನಿಮಿಷ ದಾಟಿದರೆ ಚರ್ಚೆಗೆ ಯಾರೂ ಉಳಿಯುವುದಿಲ್ಲ. ಚರ್ಚೆಗೆ 45 ನಿಮಿಷ ಬೇಕೇ ಬೇಕು. ವೇದಿಕೆಯ ಮೇಲೆ ಒಬ್ಬ ಕ್ರಿಮಿನಲ್ ವಕೀಲರು ಸಾಕು, ಅದೂ ಆ ಪ್ರಕರಣದವರಲ್ಲ. ರಾಜಕೀಯದವರು ಮುಂದಿನ ಸಾಲಿನಲ್ಲಿ ಕೂರಲಿ, ಮೈಕ್ ಬೇಡ. ಕೇಳಲು ಸಂಕೋಚಪಡುವವರಿಗೆ ಚೀಟಿ, ಪೆನ್ಸಿಲ್ ಕೊಡುತ್ತೇವೆ.

ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ‘ಅವನೇ ಒಪ್ಕೊಂಡಾನಲ್ರಿ, ಇನ್ನೇನೈತಿ?’ ಇದು ಮೊದಲನೆಯದು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡುವಂತಿಲ್ಲ, ಆ ಮಾತಿನಿಂದ ಒಂದು ವಸ್ತು ಪತ್ತೆಯಾದರೆ ಅದಕ್ಕೆ ನೇರ ಸಂಬಂಧಿಸಿದ ಭಾಗ ಮಾತ್ರ ಸಲ್ಲುತ್ತದೆ ಎಂದು ವಿವರಿಸಬೇಕು. ಹಂಚಿದ ಪಂಚನಾಮೆ ಕೈಯಲ್ಲಿದ್ದರೆ ಇದು ಎರಡೇ ನಿಮಿಷದಲ್ಲಿ ಅರ್ಥವಾಗುತ್ತದೆ. ವಸ್ತು ಮೊದಲು ಸಿಕ್ಕಿ ಹೇಳಿಕೆ ಆಮೇಲೆ ಬಂದಿದ್ದರೆ ಏನು ಉಳಿಯಿತು ಎಂದು ಜನರೇ ಬೆರಳಿಟ್ಟು ತೋರಿಸುತ್ತಾರೆ. ಕಣ್ಣಾರೆ ಕಂಡವರಿಲ್ಲದ ಪ್ರಕರಣಕ್ಕೆ 1984ರ ಶರದ್ ಬಿರ್ಧಿಚಂದ್ ಸಾರ್ದಾ ತೀರ್ಪು ಹೇಳುತ್ತೇವೆ. ಸಾಂದರ್ಭಿಕ ಸಾಕ್ಷ್ಯಕ್ಕೆ ಸುಪ್ರೀಂ ಕೋರ್ಟ್ ಐದು ಕಟ್ಟಳೆ ಹಾಕಿ ‘ಪಂಚಶೀಲ’ ಎಂದು ಕರೆದದ್ದು ಅದರಲ್ಲಿಯೇ. ಸರಪಳಿಯ ಒಂದು ಕೊಂಡಿಯೂ ಬಿಟ್ಟಿರಬಾರದು.

‘ಸುಪ್ರೀಂ ಕೋರ್ಟೇ ಹೇಳಿದ ಮೇಲೆ ತಪ್ಪಾಗಲು ಸಾಧ್ಯವೇ?’ ಎಂಬುದಕ್ಕೆ ಮಹಾರಾಷ್ಟ್ರದ ಪ್ರಕರಣವೊಂದಿದೆ. ಅಲೆಮಾರಿ ಬುಡಕಟ್ಟಿನ ಆರು ಮಂದಿಗೆ 2009ರಲ್ಲಿ ಗಲ್ಲೇ ಸರಿ ಎಂದ ಸುಪ್ರೀಂ ಕೋರ್ಟ್, 2019ರಲ್ಲಿ ಅದೇ ತೀರ್ಪನ್ನು ಹಿಂತೆಗೆದುಕೊಂಡು ಎಲ್ಲರನ್ನೂ ಖುಲಾಸೆ ಮಾಡಿ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಬದುಕುಳಿದ ಸಾಕ್ಷಿ ಪೊಲೀಸರ ಫೋಟೋಗಳಲ್ಲಿ ಮೊದಲು ಗುರುತಿಸಿದ್ದು ಬೇರೆ ನಾಲ್ವರನ್ನು. ಕುಶಾಲನಗರದ ಕಡೆಯದು ಇನ್ನೂ ಹಸಿಯಾಗಿದೆ: ಕೊಲೆಯಾದಳೆಂದು ಗಂಡನನ್ನು ಜೈಲಿಗೆ ಹಾಕಿದ ಮೇಲೆ, 2025ರಲ್ಲಿ ಹೆಂಡತಿ ಮಡಿಕೇರಿಯಲ್ಲಿ ಜೀವಂತ ಸಿಕ್ಕಳು. ಅದು ಶಿಕ್ಷೆಯಾದ ಪ್ರಕರಣವಲ್ಲ, ವಿಚಾರಣೆಯ ಹಂತದ್ದು ಎಂದು ಬಿಡಿಸಿ ಹೇಳಬೇಕು. ಅಳತೆ ಮೀರಿದ ಒಂದು ಮಾತು ಬಂದರೂ ನಮ್ಮ ಉಳಿದ ಮಾತು ನಂಬಿಕೆ ಕಳೆದುಕೊಳ್ಳುತ್ತದೆ.

ಚಿತ್ರವೊಂದು ಪ್ರಕರಣವನ್ನು ತಿರುಗಿಸಿದ್ದುಂಟೇ ಎಂದರೆ, ಉಂಟು. ಅಮೆರಿಕದ ಟೆಕ್ಸಾಸ್‌ನಲ್ಲಿ ಪೊಲೀಸ್ ಅಧಿಕಾರಿಯ ಕೊಲೆಗೆ 1977ರಲ್ಲಿ ಶಿಕ್ಷೆಯಾಗಿದ್ದ ರ‍್ಯಾಂಡಲ್ ಆಡಮ್ಸ್, ತನ್ನ ಪ್ರಕರಣದ ಸಾಕ್ಷ್ಯಚಿತ್ರ 1988ರಲ್ಲಿ ಬಂದ ಮರುವರ್ಷ ಹೊರಬಂದ. ಆ ಚಿತ್ರ ಸಾಕ್ಷಿಗಳ ಮಾತನ್ನು ಒಂದೊಂದಾಗಿ ಕೂರಿಸಿ ಪರೀಕ್ಷಿಸಿತು.

ಕೊನೆಗೆ ಜನ ಕೇಳುವುದು ‘ನಾವೇನು ಮಾಡಬೇಕು?’ ಎಂದು. ನ್ಯಾಯಾಧೀಶರಿಗೆ ಪತ್ರ ಬರೆಯುವುದು, ಸಹಿ ಸಂಗ್ರಹಿಸಿ ಕೋರ್ಟಿಗೆ ಕಳಿಸುವುದು ಬೇಡವೇ ಬೇಡ. ಅದು ಕೈದಿಗೇ ಕೇಡು. ಎಲ್ಲ ಮೇಲ್ಮನವಿ ಮುಗಿದಿದ್ದರೆ ಸಂವಿಧಾನದ 161ನೇ ವಿಧಿಯಡಿ ರಾಜ್ಯಪಾಲರಿಗೆ ಮನವಿ ಕೊಡಬಹುದು, ಅಲ್ಲಿ ಸಹಿಗೆ ಜಾಗವಿದೆ. ಜೈಲಿನಲ್ಲಿರುವವರಿಗೆ ಉಚಿತ ಕಾನೂನು ನೆರವು ಹಕ್ಕು, ಆದಾಯದ ಮಿತಿಯಿಲ್ಲ. ಸಹಾಯವಾಣಿ 15100, ಇದನ್ನು ಝೆರಾಕ್ಸಿನ ಹಿಂಬದಿಗೆ ದಪ್ಪಕ್ಷರದಲ್ಲಿ ಹಾಕಿಸಿ. ‘ಮೇಲ್ಮನವಿ ಅವಧಿ ಮುಗೀತಂತ್ರಿ’ ಎನ್ನುವ ಮನೆಯವರು ಎಷ್ಟೋ ಮಂದಿ. ವಿಳಂಬ ಮನ್ನಿಸುವಂತೆ ಅರ್ಜಿ ಹಾಕಬಹುದು, ಜೈಲಿನ ಅಧಿಕಾರಿಗಳ ಮೂಲಕವೇ ಮೇಲ್ಮನವಿ ಕಳಿಸಬಹುದು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಸಭೆ ಮುಗಿದು ಕುರ್ಚಿ ಜೋಡಿಸುವ ಹೊತ್ತಿಗೆ ಯಾರಾದರೂ ಬಾಗಿಲ ಬಳಿ ಸುಮ್ಮನೆ ನಿಂತಿರುತ್ತಾರೆ. ‘ಅವತ್ತು ನಾನೂ ಅಲ್ಲೇ ಇದ್ದೆ ಅಣ್ಣಾರ’ ಎನ್ನುತ್ತಾರೆ. ಅವರ ಮಾತನ್ನು ಮೊಬೈಲಿನಲ್ಲಿ ಚಿತ್ರಿಸಬೇಡಿ, ಬಾಯಿಗೆ ಮಾತು ಕೊಡಬೇಡಿ, ಬರೆದು ಸಹಿ ಹಾಕಿಸಬೇಡಿ. ಮುಂದೆ ಕೋರ್ಟಿನಲ್ಲಿ ‘ಇವರೇ ಹೇಳಿಕೊಟ್ಟರು’ ಎಂಬ ಒಂದೇ ಪ್ರಶ್ನೆಗೆ ಎಲ್ಲ ಬಿದ್ದುಹೋಗುತ್ತದೆ. ಹೆಸರು, ಫೋನ್ ನಂಬರ್ ಪಡೆದು, ಮರುದಿನವೇ ಮೇಲ್ಮನವಿಯ ವಕೀಲರ ಹತ್ತಿರ ಕಳಿಸಿ. ಹೆಚ್ಚುವರಿ ಸಾಕ್ಷ್ಯ ಪಡೆಯುವ ಅಧಿಕಾರ ಮೇಲ್ಮನವಿ ನ್ಯಾಯಾಲಯಕ್ಕಿದೆ, ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ 432ನೇ ಕಲಮು. ಇದಕ್ಕಾಗಿಯೇ ವೈರು ಸುತ್ತುವ, ಪರದೆ ಮಡಚುವ ಕೆಲಸಕ್ಕೆ ಹಚ್ಚದೆ ನಮ್ಮಲ್ಲೊಬ್ಬರನ್ನು ಕೊನೆಯವರೆಗೂ ಬಾಗಿಲ ಬಳಿಯೇ ಬಿಡುತ್ತೇವೆ.